ಮೊದಲ ಗೇಮಿಂಗ್ ಪಿಸಿ, ಕೈಯಲ್ಲಿ 60 ಸಾವಿರ: ಅಂಗಡಿಯವರು ಕೊಟ್ಟ ಈ ಕೊಟೇಷನ್ ಸರಿ ಇದೆಯಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಪಿಯುಸಿ ಮುಗಿದಿದೆ, ಮನೆಯಲ್ಲಿ 60 ಸಾವಿರ ಕೊಡುತ್ತಾರೆ, ಮಾನಿಟರ್ ಕೂಡ ಅದರಲ್ಲೇ ಆಗಬೇಕು. ವ್ಯಾಲೊರಂಟ್, ಜಿಟಿಎ 5 ಆಡಬೇಕು, ಮುಂದೆ ಇಂಜಿನಿಯರಿಂಗ್ ಓದಿಗೂ ಆಗಬೇಕು. ಊರಿನ ಅಂಗಡಿಯವರು ಬರೆದುಕೊಟ್ಟಿರುವುದು: 'ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, 1 ಟಿಬಿ ಹಾರ್ಡ್‌ಡಿಸ್ಕ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಆರ್‌ಜಿಬಿ ಗೇಮಿಂಗ್ ಕ್ಯಾಬಿನೆಟ್ ಎಸ್‌ಎಂಪಿಎಸ್ ಸಮೇತ'.

ತಗೋಬೇಡಿ. ಅಂಗಡಿಯವರು ಸುಳ್ಳು ಹೇಳಿದ್ದಾರೆ ಅಂತಲ್ಲ. ಅದರಲ್ಲಿ ಬರೆದಿರುವುದೆಲ್ಲ ನಿಜವೇ ಇರಬಹುದು. ಬರೆಯದೆ ಬಿಟ್ಟಿರುವುದನ್ನು ಓದಬೇಕು ನೀವು.

ಮೊದಲು ಆ ಐ7. ಐ7 ಅನ್ನುವುದು ಮನೆತನದ ಹೆಸರಿದ್ದ ಹಾಗೆ. ಅಜ್ಜನಿಗೂ ಅದೇ ಹೆಸರು, ಮೊಮ್ಮಗನಿಗೂ ಅದೇ ಹೆಸರು. ಯಾವ ತಲೆಮಾರು ಅಂತ ಕೇಳಬೇಕು. ಈ ಬೆಲೆಗೆ 'ಐ7 ಗೇಮಿಂಗ್ ಪಿಸಿ' ಅಂತ ಮಾರುವುದು ಹೆಚ್ಚಾಗಿ ಐ7 2600 ಅಥವಾ 3770. ಒಂದು 2011ರದ್ದು, ಇನ್ನೊಂದು 2012ರದ್ದು. ಅವುಗಳಲ್ಲಿ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). 2022ರಲ್ಲಿ ಬಂದ ಐ3 12100ಎಫ್‌ನಲ್ಲೂ ನಾಲ್ಕು ಕೋರ್, ಎಂಟು ಥ್ರೆಡ್ಡೇ. ಆದರೆ ಆಟದಲ್ಲಿ ಆ ಐ3ರ ಹತ್ತಿರಕ್ಕೂ ಈ ಹಳೆಯ ಐ7 ಬರುವುದಿಲ್ಲ. ಇನ್ನೊಂದು ತೊಡಕೂ ಇದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಎಂಟನೇ ತಲೆಮಾರು ಅಥವಾ ಅದರ ಈಚಿನದು, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಬೇಕಾದರೆ ಟಿಪಿಎಂ ಜೊತೆಗೆ ಸೆಕ್ಯೂರ್ ಬೂಟ್ (ಪಿಸಿ ಶುರುವಾಗುವಾಗ ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಓಡಲು ಬಿಡುವ ವ್ಯವಸ್ಥೆ) ಕೂಡ ಕೇಳುತ್ತದೆ. ಅಂದರೆ ಅದು ಅಂಥ ಹಳೆಯ ಐ7 ಆಗಿದ್ದರೆ, ವಿಂಡೋಸ್ 11ರಲ್ಲಿ ನಿಮಗೆ ಬೇಕಾದ ಮೊದಲ ಆಟಕ್ಕೇ ಈ ಪೆಟ್ಟಿಗೆ ಹೊಂದುವುದಿಲ್ಲ, ಅಲ್ವಾ?

ಇನ್ನು '4 ಜಿಬಿ ಗ್ರಾಫಿಕ್ಸ್ ಕಾರ್ಡ್'. ಕಾರ್ಡಿನ ಹೆಸರೇ ಇಲ್ಲ! ಜಿಟಿ 730 ಅನ್ನುವ ಕಾರ್ಡೂ 4 ಜಿಬಿಯಲ್ಲಿ ಸಿಗುತ್ತದೆ. ಅದು 2014ರ ಕಾಲದ, ಪರದೆಗೆ ಚಿತ್ರ ಬಂದರೆ ಸಾಕು ಅನ್ನುವವರ ಕಾರ್ಡ್. ತಾರಸಿ ಮೇಲೆ ದೊಡ್ಡ ಟ್ಯಾಂಕ್ ಇಟ್ಟು, ಕೆಳಗೆ ಬೆರಳು ಗಾತ್ರದ ಪೈಪ್ ಹಾಕಿದ ಹಾಗೆ. ಟ್ಯಾಂಕ್ ಎಷ್ಟು ಲೀಟರ್ ಅಂತ ಕೇಳಿ ಏನು ಪ್ರಯೋಜನ? ಎಎಂಡಿ ಕಂಪನಿಯ ರೈಜನ್ 5 5600ಜಿ ಪ್ರೊಸೆಸರ್ ಒಳಗೇ ಬರುವ ಗ್ರಾಫಿಕ್ಸ್ ಇದಕ್ಕಿಂತ ಜೋರಾಗಿದೆ.

ಈಗ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಪಿಸಿಗೆ ಬೇಕಾದ ಹಾಗೆ ಬದಲಾಯಿಸಿ ಕೊಡುವ ಡಬ್ಬಿ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ. ಪೆಟ್ಟು ತಿಂದವನು ನಾನು.

2019ರಲ್ಲಿ ನನ್ನ ಮೊದಲ ಪಿಸಿ ಜೋಡಿಸಿದೆ. ತಿಂಗಳುಗಟ್ಟಲೆ ವಿಡಿಯೋ ನೋಡಿ ಪ್ರೊಸೆಸರ್, ಕಾರ್ಡ್ ಎಲ್ಲ ಸರಿಯಾಗಿಯೇ ಆರಿಸಿದ್ದೆ. ದುಡ್ಡು ಮುಗಿಯುತ್ತಾ ಬಂದಾಗ ಉಳಿದದ್ದು ಕ್ಯಾಬಿನೆಟ್ ಮತ್ತು ಎಸ್‌ಎಂಪಿಎಸ್. ಅಂಗಡಿಯವರು 'ಕ್ಯಾಬಿನೆಟ್ ಜೊತೆಗೇ 450 ವ್ಯಾಟ್ ಬರುತ್ತೆ ಸಾರ್, ಬೇರೆ ಯಾಕೆ' ಅಂದರು. ಸರಿ ಅಂದೆ. ಆಟ ಶುರುವಾಗಿ ಮುಕ್ಕಾಲು ಗಂಟೆಗೆ ಪಿಸಿ ತಟ್ಟನೆ ಆಫ್. ವಿಂಡೋಸ್ ತಪ್ಪು ಅಂದುಕೊಂಡು ಮೂರು ಸಲ ಹೊಸದಾಗಿ ಹಾಕಿದೆ. ಸ್ನೇಹಿತನ ರ‍್ಯಾಮ್ ತಂದು ಬದಲಾಯಿಸಿ ನೋಡಿದೆ. ಎರಡು ತಿಂಗಳಿಗೆ ಒಂದು ಸಂಜೆ ಟಪ್ ಅಂತ ಸದ್ದು, ಸುಟ್ಟ ವಾಸನೆ. ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು. ಸುಟ್ಟ ಬೋರ್ಡಿಗೆ ವಾರಂಟಿ ಇಲ್ಲ ಅಂದರು. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಆಮೇಲೆ ಆ ಎಸ್‌ಎಂಪಿಎಸ್ ಮೇಲಿನ ಸ್ಟಿಕ್ಕರ್ ಓದಿದೆ. ಮೇಲೆ ದೊಡ್ಡದಾಗಿ 450 ವ್ಯಾಟ್. ಕೆಳಗೆ ಸಣ್ಣ ಅಕ್ಷರದಲ್ಲಿ, 12 ವೋಲ್ಟ್ ಸಾಲಿನಲ್ಲಿ 18 ಆಂಪಿಯರ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯುವುದು ಮುಖ್ಯವಾಗಿ ಈ 12 ವೋಲ್ಟಿನಿಂದ. 12 ಗುಣಿಸು 18, ಅಂದರೆ 216 ವ್ಯಾಟ್. ಅಷ್ಟೇ ಅದರ ಯೋಗ್ಯತೆ. ಅದನ್ನಾದರೂ ನೆಟ್ಟಗೆ ಕೊಟ್ಟಿತಾ ಅಂದರೆ ಅದೂ ಇಲ್ಲ. ನಿಯತ್ತಿನ 450 ವ್ಯಾಟಿನಲ್ಲಿ ಇದೇ ಜಾಗದಲ್ಲಿ 36, 37 ಆಂಪಿಯರ್ ಇರುತ್ತದೆ. ಅಂಗಡಿಯಲ್ಲಿ ಡಬ್ಬಿ ತಿರುಗಿಸಿ ಈ ಒಂದು ಗುಣಾಕಾರ ಮಾಡಿ. 80 ಪ್ಲಸ್ ಗುರುತು (ಕರೆಂಟ್ ಕಮ್ಮಿ ಪೋಲಾಗುತ್ತದೆ ಅನ್ನುವ ಪ್ರಮಾಣಪತ್ರ) ಇರುವ, ಹೆಸರುಳ್ಳ ಕಂಪನಿಯ 500 ಅಥವಾ 550 ವ್ಯಾಟ್ ತಗೊಳ್ಳಿ. ಮೂರೂವರೆಯಿಂದ ನಾಲ್ಕು ಸಾವಿರ ಇದಕ್ಕೆ ಎತ್ತಿಟ್ಟು, ಆಮೇಲೆ ಉಳಿದದ್ದನ್ನು ಲೆಕ್ಕ ಹಾಕಿ. ಕ್ಯಾಬಿನೆಟ್ ಬೇಕಾದರೆ ಎರಡು ಸಾವಿರದ್ದೇ ಸಾಕು. ಮುಂದೆ ಗಾಜಿನ ಬದಲು ಜಾಲರಿ ಇರಲಿ, ಗಾಳಿ ಆಡಬೇಕು. ಆರ್‌ಜಿಬಿ ಅನ್ನುವ ಬಣ್ಣದ ದೀಪಕ್ಕೆ ಒಂದು ಎಫ್‌ಪಿಎಸ್ (ಸೆಕೆಂಡಿಗೆ ಪರದೆಗೆ ಬರುವ ಚಿತ್ರಗಳ ಲೆಕ್ಕ) ಕೂಡ ಹೆಚ್ಚಾಗಲ್ಲ.

ಹಾಗಾದರೆ ಏನು ತಗೋಬೇಕು? ನಾನಾದರೆ ರೈಜನ್ 5 5600, ಬಿ550 ಮದರ್‌ಬೋರ್ಡ್, ಆರ್‌ಎಕ್ಸ್ 6600 ಕಾರ್ಡ್. ಪ್ರೊಸೆಸರ್‌ನಲ್ಲಿ ಆರು ಕೋರ್, ಹನ್ನೆರಡು ಥ್ರೆಡ್. ಕಾರ್ಡ್ 8 ಜಿಬಿಯದ್ದು, ಎಳೆಯುವುದು 132 ವ್ಯಾಟ್ ಅಷ್ಟೇ. 1080ಪಿ (ಫುಲ್ ಎಚ್‌ಡಿ) ಪರದೆಗೆ ಇಷ್ಟು ಧಾರಾಳ. ಕಾರ್ಡಿಗೆ ಇಪ್ಪತ್ತು ಸಾವಿರದ ಆಸುಪಾಸು, ಪ್ರೊಸೆಸರ್‌ಗೆ ಹತ್ತರ ಆಚೀಚೆ ಅಂತ ಇಟ್ಟುಕೊಳ್ಳಿ. ಬೆಲೆ ವಾರವಾರ ಕುಣಿಯುತ್ತದೆ, ಹೋಗುವ ದಿನ ಎರಡು ಮೂರು ಕಡೆ ಫೋನ್ ಮಾಡಿ ಕೇಳಿ. ಇಂಟೆಲ್ಲೇ ಬೇಕು ಅಂದರೆ ಐ5 12400ಎಫ್ ಕೂಡ ಒಳ್ಳೆಯದೇ. ಹೆಸರಿನ ಕೊನೆಯ ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದೆ ಪರದೆಗೆ ಏನೂ ಬರುವುದಿಲ್ಲ ಅಂತ. ರೈಜನ್ 5600ಕ್ಕೂ ಇದೇ ಮಾತು.

ತಲೆನೋವು ಇರುವುದು ರ‍್ಯಾಮ್‌ನಲ್ಲಿ. 16 ಜಿಬಿ ಡಿಡಿಆರ್4 ಮೂರು ಸಾವಿರದ ಹತ್ತಿರ ಸಿಗುತ್ತಿದ್ದ ಕಾಲವೊಂದಿತ್ತು. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿವೆ, ಬೆಲೆ ಎಲ್ಲಿಗೋ ಹೋಗಿದೆ. ಎಸ್‌ಎಸ್‌ಡಿಗೂ ಅದರ ಬಿಸಿ ತಟ್ಟಿದೆ. ಹಾಗಾಗಿ ಹೊಸದೇ ಎಲ್ಲ ತಗೊಂಡು, ಮಾನಿಟರ್ ಸೇರಿಸಿ 60ರೊಳಗೆ ಮುಗಿಸುವುದು ಈಗ ಕಷ್ಟ.

ಎರಡು ದಾರಿ ಇವೆ. ಒಂದು, ರ‍್ಯಾಮ್ ಸೆಕೆಂಡ್ ಹ್ಯಾಂಡ್ ತಗೊಳ್ಳುವುದು. ಅದರಲ್ಲಿ ಸವೆಯುವಂಥದ್ದು ಏನೂ ಇಲ್ಲ. ಮೆಮ್‌ಟೆಸ್ಟ್86 ಅನ್ನುವ ಉಚಿತ ಪರೀಕ್ಷೆಯನ್ನು ರಾತ್ರಿಯಿಡೀ ಓಡಿಸಿ, ತಪ್ಪು ತೋರಿಸದಿದ್ದರೆ ಆಯಿತು. ಪ್ರೊಸೆಸರ್ ಕೂಡ ಹಳೆಯದು ತಗೋಬಹುದು. 5600ರ ಪಿನ್ನುಗಳು ಪ್ರೊಸೆಸರ್ ಕೆಳಗೇ ಇರುತ್ತವೆ, ಬಾಗಿವೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಎಸ್‌ಎಂಪಿಎಸ್, ಹಾರ್ಡ್‌ಡಿಸ್ಕ್ ಮಾತ್ರ ಹಳೆಯದು ಬೇಡವೇ ಬೇಡ. ಹಳೆಯ ಗ್ರಾಫಿಕ್ಸ್ ಕಾರ್ಡಾದರೆ ಕಣ್ಣೆದುರು ಅರ್ಧ ಗಂಟೆ ಆಟ ಓಡಿಸಿ ತೋರಿಸಲಿ. 2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಓಡಿಸಿ ಇಥಿರಿಯಂ ಅನ್ನುವ ಡಿಜಿಟಲ್ ಹಣ ಗಳಿಸುವ ಮೈನಿಂಗ್ ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡುಗಳು ರಾಶಿ ರಾಶಿ ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ಕೆಲವು ಇನ್ನೂ ಕೈ ಬದಲಾಯಿಸುತ್ತಲೇ ಇವೆ.

ಇನ್ನೊಂದು ದಾರಿ ನನಗೆ ಇಷ್ಟವಾದದ್ದು. ಮಾನಿಟರ್ ಆರು ತಿಂಗಳು ಮುಂದಕ್ಕೆ ಹಾಕಿ. ಮನೆಯ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ ಆಡಿ. ಧಾರಾವಾಹಿ ಹೊತ್ತಿನಲ್ಲಿ ಜಗಳ ಆಗುತ್ತದೆ, ಅದಕ್ಕೆ ನನ್ನಲ್ಲಿ ಔಷಧಿ ಇಲ್ಲ. ಆದರೆ ಕಾರ್ಡಿನಲ್ಲಿ ಉಳಿಸಿ ಮಾನಿಟರ್ ತಂದರೆ, ಒಂದೇ ವರ್ಷಕ್ಕೆ ಕಾರ್ಡ್ ಬದಲಾಯಿಸುವ ಆಸೆ ಬರುತ್ತದೆ. ದುಡ್ಡು ಇನ್ನೂ ಕಮ್ಮಿ ಅನ್ನಿಸಿದರೆ 5600ಜಿ ತಗೊಂಡು ಕಾರ್ಡನ್ನೇ ಮುಂದಕ್ಕೆ ಹಾಕಬಹುದು. ವ್ಯಾಲೊರಂಟ್ ಚೆನ್ನಾಗಿಯೇ ಓಡುತ್ತದೆ, ಜಿಟಿಎ 5 ಸೆಟ್ಟಿಂಗ್ ಇಳಿಸಿಕೊಂಡು ಆಡಬಹುದು.

ರ‍್ಯಾಮ್ 16ರ ಒಂದೇ ಕಡ್ಡಿಗಿಂತ 8ರ ಎರಡು ಇರಲಿ. ಆಗ ಪ್ರೊಸೆಸರ್ ಮತ್ತು ಮೆಮೊರಿ ನಡುವೆ ಎರಡು ಹಾದಿಯಲ್ಲಿ ಒಟ್ಟಿಗೆ ಮಾಹಿತಿ ಓಡಾಡುತ್ತದೆ. 5600ಜಿಯಲ್ಲಂತೂ ಇದರ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ, ಯಾಕೆಂದರೆ ಅದರ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡು ಮತ್ತು ನಾಲ್ಕರಲ್ಲಿ ಹಾಕಿ. ಬಯೋಸ್‌ಗೆ (ಪಿಸಿ ಆನ್ ಆಗುವಾಗ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್) ಹೋಗಿ, ಮೆಮೊರಿಯನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಿ, ಇಲ್ಲದಿದ್ದರೆ 3200ರ ರ‍್ಯಾಮ್ ಸುಮ್ನೆ 2133ರಲ್ಲೋ 2666ರಲ್ಲೋ ತೂಕಡಿಸುತ್ತಿರುತ್ತದೆ. ಎಸ್‌ಎಸ್‌ಡಿ 256 ಸಾಲದು, ಕಡೇ ಪಕ್ಷ 500 ಜಿಬಿಯ ಎನ್‌ವಿಎಂಇ (ವೇಗದ ಬಗೆಯ ಎಸ್‌ಎಸ್‌ಡಿ) ಇರಲಿ. ಜಿಟಿಎ 5 ಒಂದೇ ನೂರು ಜಿಬಿ ನುಂಗುತ್ತದೆ.

ನಿಮ್ಮ ಊರಿನಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ ಅಂತ ಬರೆದಿದ್ದೀರಿ. 600 ವಿಎ ಯುಪಿಎಸ್ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಆಟ ಉಳಿಸಿ ಪಿಸಿ ಆಫ್ ಮಾಡುವಷ್ಟು ಹೊತ್ತು ಸಿಗುತ್ತದೆ, ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ. ಅದಕ್ಕಿಂತ ಮೊದಲು ಗೋಡೆಯ ಮೂರು ಪಿನ್ ಸಾಕೆಟ್‌ಗೆ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುವ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ.

ಬೆಂಗಳೂರಿಗೆ ಬರುವುದಾದರೆ ಟೌನ್ ಹಾಲ್ ಹತ್ತಿರದ ಎಸ್‌ಪಿ ರೋಡಿಗೆ ಹೋಗಿ. ಭಾನುವಾರ ಬೇಡ, ಬಹುತೇಕ ಬಾಗಿಲು ಹಾಕಿರುತ್ತವೆ. ಮೊದಲ ಅಂಗಡಿಯಲ್ಲಿ ಬೆಲೆ ಬರೆಸಿಕೊಂಡು ಮೂರನೆಯದರಲ್ಲಿ ಚೌಕಾಸಿ ಮಾಡಿ. 'ಬಿಲ್ ಬೇಡ ಅಂದರೆ ಕಮ್ಮಿ ಮಾಡ್ತೀನಿ' ಅನ್ನುತ್ತಾರೆ. 18 ಪರ್ಸೆಂಟ್ ಜಿಎಸ್‌ಟಿ ಉಳಿಯಿತು ಅನ್ನಿಸುತ್ತದೆ. ಬಿಲ್ ಇಲ್ಲದೆ ಮೂರು ವರ್ಷದ ವಾರಂಟಿ ಯಾರ ಹತ್ತಿರ ಕೇಳುತ್ತೀರಿ? ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿ.

ಪಿಸಿ ಮನೆಗೆ ತಂದ ಮೇಲೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರೆ ಟಿವಿಯ ಎಚ್‌ಡಿಎಂಐ ಕೇಬಲನ್ನು ಮೇಲಿನ ಮದರ್‌ಬೋರ್ಡಿನ ಕಿಂಡಿಗೆ ಹಾಕಬೇಡಿ, ಕೆಳಗಿನ ಕಾರ್ಡಿನ ಕಿಂಡಿಗೆ ಹಾಕಿ. ನಗಬೇಡಿ, 'ಹೊಸ ಪಿಸಿ ಆನ್ ಆಗ್ತಿಲ್ಲ' ಅಂತ ನನಗೆ ಬರುವ ಫೋನುಗಳಲ್ಲಿ ಅರ್ಧ ಇದೇ.

ಹೊಸ ಕೊಟೇಷನ್ ಬರೆಸಿಕೊಂಡು ಅಡ್ವಾನ್ಸ್ ಕೊಡುವ ಮುಂಚೆ ಇಲ್ಲಿ ಹಾಕಿ, ನೋಡೋಣ. ಕಾರ್ಡಿನ ಪೂರ್ತಿ ಹೆಸರು, ಎಸ್‌ಎಂಪಿಎಸ್ ಸ್ಟಿಕ್ಕರಿನ ಫೋಟೋ ಎರಡೂ ಇರಲಿ.