ಗ್ರೇಟ್ ಫಾಲ್ಸ್‌ಗೆ ಅಪ್ಪ-ಅಮ್ಮ ಮತ್ತು ಮಗನನ್ನು ಒಟ್ಟಿಗೆ ಕರೆದುಕೊಂಡು ಹೋದರೆ ಯಾವ ಟ್ರೇಲ್ ನಡೆಯಬಹುದು?

ನೀವು ಅಮೆರಿಕದ ವರ್ಜೀನಿಯಾದ ಹರ್ನ್‌ಡನ್‌ನಲ್ಲಿದ್ದೀರಿ. ಮೈಸೂರಿನಿಂದ ಅಪ್ಪ-ಅಮ್ಮ ಬಂದಿದ್ದಾರೆ, ಅಮ್ಮನಿಗೆ ಮಂಡಿ ನೋವು. ಹೈಸ್ಕೂಲಿನ ಮಗನಿಗೆ ಬಿಲ್ಲಿ ಗೋಟ್ ಟ್ರೇಲ್ ಅನ್ನುವ ಬಂಡೆಗಳ ದಾರಿ ಹತ್ತುವ ಹುಚ್ಚು. ಒಂದೇ ಶನಿವಾರ ಎಲ್ಲ ಆಗುತ್ತಾ ಅಂತ ಕೇಳಿದ್ದೀರಿ.

ಗ್ರೇಟ್ ಫಾಲ್ಸ್‌ಗೆ ಖಂಡಿತ ಹೋಗಿ. ಬಿಲ್ಲಿ ಗೋಟ್ ಮಾತ್ರ ಅವತ್ತು ಬೇಡ. ಅದು ಇರುವುದು ಆಚೆ ದಡದಲ್ಲಿ. ಪೊಟೋಮ್ಯಾಕ್ ನದಿಯ ಈ ಕಡೆ ವರ್ಜೀನಿಯಾದ ಗ್ರೇಟ್ ಫಾಲ್ಸ್ ಪಾರ್ಕ್, ಆ ಕಡೆ ಮೇರಿಲ್ಯಾಂಡ್‌ನ ಸಿ ಅಂಡ್ ಓ ಕೆನಾಲ್ ಪಾರ್ಕ್. ಆ ಕಡೆಯವರು ಕೈ ಬೀಸುವುದು ಕಾಣುತ್ತೆ, ಆದರೆ ನಡುವೆ ಸೇತುವೆ ಇಲ್ಲ. ಕಾರು ಹತ್ತಿ, 495 ಹೆದ್ದಾರಿಯಲ್ಲಿ ಅಮೆರಿಕನ್ ಲೀಜನ್ ಸೇತುವೆ ದಾಟಿ, ಸುತ್ತಿಕೊಂಡು ಹೋಗಬೇಕು. ಶನಿವಾರದ ಟ್ರಾಫಿಕ್‌ನಲ್ಲಿ ಅದೇ ಒಂದು ಪ್ರಯಾಣ.

ಅಪ್ಪ-ಅಮ್ಮನಿಗೆ ವರ್ಜೀನಿಯಾ ಕಡೆಯೇ ಸರಿ. ಪಾರ್ಕಿಂಗ್‌ನಿಂದ ಸ್ವಲ್ಪ ದೂರದಲ್ಲೇ ಜಲಪಾತ ನೋಡಲು ಮೂರು ಓವರ್‌ಲುಕ್‌ಗಳಿವೆ. ಮೊದಲನೆಯದು ನೀರಿಗೆ ತೀರಾ ಹತ್ತಿರ, ಆದರೆ ಬಂಡೆ ಏರುಪೇರು. ಎರಡು ಮತ್ತು ಮೂರನೆಯದಕ್ಕೆ ವೀಲ್‌ಚೇರ್ ಕೂಡ ಹೋಗುತ್ತೆ. ಮುಂಚೆಯೇ ಹೇಳಿಬಿಡುತ್ತೇನೆ, ಜೋಗ ನೋಡಿದವರು ಇಲ್ಲಿಗೆ ಬಂದರೆ ಮೊದಲ ಮಾತು "ಇಷ್ಟೇನಾ?" ಅಂತ. ಜೋಗದ್ದು 253 ಮೀಟರ್‌ನ ಧುಮುಕು. ಇಲ್ಲಿ ನೀರು ಒಂದು ಮೈಲಿಗೂ ಕಡಿಮೆ ದೂರದಲ್ಲಿ ಹಂತ ಹಂತವಾಗಿ ಬೀಳುವುದು ಒಟ್ಟು 76 ಅಡಿ. ಇಲ್ಲಿ ನೋಡಬೇಕಾದದ್ದು ಎತ್ತರ ಅಲ್ಲ. ಮೇಲೆ ಅಷ್ಟು ಅಗಲವಾಗಿ ಬಂದ ನದಿ ಕೆಳಗೆ ಮಾಥರ್ ಗಾರ್ಜ್ ಅನ್ನುವ ಕಿರಿದಾದ ಕಂದರಕ್ಕೆ ನುಗ್ಗುತ್ತಲ್ಲ, ಆ ನುಗ್ಗಾಟ. ಅಲ್ಲೇ ಒಂದು ಕಂಬದ ಮೇಲೆ ಪ್ರವಾಹದ ಗುರುತುಗಳಿವೆ. ನೀವು ನಿಂತ ಬಂಡೆಯೇ ಎಷ್ಟೋ ಎತ್ತರ. ಅದರ ಮೇಲೆ ನೆಟ್ಟ ಕಂಬದಲ್ಲಿ 1936ರ ಗುರುತು ನಿಮ್ಮ ತಲೆಗಿಂತ ಮೇಲಿದೆ. ಆ ಕಂಬದ ಪಕ್ಕ ನಿಂತ ಮೇಲೆ "ಇಷ್ಟೇನಾ" ಅನ್ನುವವರು ಕಡಿಮೆ.

ಈಗ ನಡಿಗೆ. ಈ ಕಡೆಯ ಒಳ್ಳೆಯ ದಾರಿ ರಿವರ್ ಟ್ರೇಲ್. ಉದ್ದ ಸುಮಾರು ಒಂದೂವರೆ ಮೈಲಿ, ಮರಗಳ ಮೇಲಿನ ನೀಲಿ ಬಣ್ಣದ ಗುರುತು ಹಿಡಿದು ಹೋದರೆ ಸಾಕು. ಉದ್ದಕ್ಕೂ ಬಲಕ್ಕೆ ಕಾಡು, ಎಡಕ್ಕೆ ಕಡಿದಾದ ಬಂಡೆಯ ಅಂಚು, ಅದರ ಕೆಳಗೆ ನದಿ. ಬೇಲಿ-ಗೀಲಿ ಇಲ್ಲ. ಶುರುವಿನ ಭಾಗ ಸುಲಭ. ಮುಂದೆ ಬೇರು, ಕಲ್ಲು, ಕೈ ಊರಿ ಏರುವ ಜಾಗಗಳು ಸಿಗುತ್ತವೆ. ಅಮ್ಮನ ಮಂಡಿಗೆ ಅದು ಆಗಲ್ಲ. ಅಪ್ಪ ಗಟ್ಟಿ ಇದ್ದರೆ ಹಳೆಯ ಕಾಲುವೆಗೆ ಬಂಡೆ ಸೀಳಿದ ಜಾಗ, ಕೆನಾಲ್ ಕಟ್‌ವರೆಗೆ ಬರಲಿ. ಅಮ್ಮನಿಗೆ ಒಳಗಡೆಯ ಓಲ್ಡ್ ಕ್ಯಾರೇಜ್ ರೋಡ್ ಇದೆ, ಅಗಲವಾದ ದಾರಿ, ಮಾತಾಡುತ್ತಾ ನಡೆಯಬಹುದು.

ಈ ಕೆನಾಲ್ ಕಟ್ ನನಗೆ ಜಲಪಾತಕ್ಕಿಂತ ಜಾಸ್ತಿ ಇಷ್ಟ. ದೋಣಿಗಳು ಜಲಪಾತವನ್ನು ಬಳಸಿ ಹೋಗಲಿ ಅಂತ ಜಾರ್ಜ್ ವಾಷಿಂಗ್ಟನ್ ಮುಂದೆ ನಿಂತು 1785ರಲ್ಲಿ ಒಂದು ಕಂಪನಿ ಶುರು ಮಾಡಿದರು. ಕಾಲುವೆಯ ಕೊನೆಯ ಭಾಗಕ್ಕೆ ದಾರಿ ಮಾಡಲು ಬಂಡೆಯನ್ನೇ ಮದ್ದಿಟ್ಟು ಸೀಳಿದರು. ನೀರಿನ ಮಟ್ಟ ಏರಿಸಿ ಇಳಿಸುವ ಐದು ಲಾಕ್‌ಗಳಲ್ಲಿ ದೋಣಿಗಳು ಮೆಟ್ಟಿಲಿಳಿದಂತೆ ಕೆಳಗಿಳಿಯುತ್ತಿದ್ದವು. ಅದು ಮುಗಿದದ್ದು 1802ರಲ್ಲಿ. ವಾಷಿಂಗ್ಟನ್ ತೀರಿಕೊಂಡದ್ದು 1799ರಲ್ಲಿ, ಹಾಗಾಗಿ ಅವರು ನೋಡಲಿಲ್ಲ. 1828ರ ಹೊತ್ತಿಗೆ ಕಂಪನಿಯೇ ಮುಳುಗಿತು. ಈಗ ಪಾಚಿ ಹಿಡಿದ ಕಲ್ಲಿನ ಗೋಡೆಗಳಿವೆ. ಕಾಲುವೆಯ ಜೊತೆ ಹುಟ್ಟಿದ ಮಟಿಲ್ಡಾವಿಲ್ ಅನ್ನುವ ಊರಿನ ಪಾಳು ಗೋಡೆಗಳೂ ಮರಗಳ ನಡುವೆ ಕಾಣುತ್ತವೆ. ನಿಮ್ಮ ಅಪ್ಪನಿಗೆ ಇತಿಹಾಸದ ಆಸಕ್ತಿ ಇದ್ದರೆ ಇಲ್ಲೇ ಒಂದು ಗಂಟೆ ಹೋಗುತ್ತೆ.

ನೀವು ಬಂಡೆಯ ಅಂಚು ಅಪಾಯವಾ ಅಂತ ಕೇಳಿದ್ದೀರಿ. ಹೌದು, ಹುಷಾರಾಗಿರಬೇಕು. ಆದರೆ ನನಗೆ ಅದಕ್ಕಿಂತ ಭಯ ನೀರಿನದು. ಬಂಡೆ ನೋಡಿದರೆ ಯಾರಿಗಾದರೂ ಹೆದರಿಕೆ ಆಗುತ್ತೆ, ತಾನೇ ಹಿಂದೆ ಸರಿಯುತ್ತಾರೆ. ಗಾರ್ಜ್‌ನ ನೀರು ಕೆಲವು ಕಡೆ ಸುಮ್ನೆ ಕೆರೆಯಂತೆ ಕಾಣುತ್ತೆ, ಒಳಗೆ ಸೆಳೆತ ಭಯಂಕರ. ಇಲ್ಲಿ ಮುಳುಗಿ ಸತ್ತವರಲ್ಲಿ ಎಷ್ಟೋ ಜನ ಈಜಲು ಇಳಿದವರೇ ಅಲ್ಲ, ದಡದ ಬಂಡೆಯಿಂದ ಜಾರಿದವರು, ಕಾಲು ತೊಳೆಯೋಣ ಅಂತ ಇಳಿದವರು. ನಮ್ಮವರಿಗೆ ನದಿ ಕಂಡರೆ ಕಾಲು ನೆನೆಸಲೇಬೇಕು, ಅಲ್ವಾ? ಇಲ್ಲಿ ಬೇಡವೇ ಬೇಡ. ಈಜುವುದೂ ನೀರಿಗೆ ಇಳಿಯುವುದೂ ಎರಡೂ ನಿಷಿದ್ಧ. ಕಯಾಕ್‌ನವರು ಆಡುವುದನ್ನು ನೋಡಿ ಮಗ ಹುಮ್ಮಸ್ಸಿಗೆ ಬೀಳಬಹುದು, ಅವರು ವರ್ಷಗಟ್ಟಲೆ ಪಳಗಿದವರು.

ಬಿಲ್ಲಿ ಗೋಟ್‌ನಲ್ಲಿ ಎ, ಬಿ, ಸಿ ಅಂತ ಮೂರು ಭಾಗ. ಮಗ ಹೇಳುತ್ತಿರುವುದು ಎ ಭಾಗವೇ ಇರಬೇಕು, ಉಳಿದೆರಡು ಅಷ್ಟು ಕಷ್ಟವಿಲ್ಲ. ಎ ಭಾಗ ಎರಡು ಮೈಲಿಯೂ ಇಲ್ಲ, ಆದರೆ ಮೈಲಿ ಲೆಕ್ಕ ನಂಬಬೇಡಿ. ಬಂಡೆಯಿಂದ ಬಂಡೆಗೆ ಹಾರುವುದು, ಕೈಕಾಲು ಎರಡೂ ಬಳಸಿ ಏರುವುದು. ಒಂದು ಕಡೆ ಸುಮಾರು 50 ಅಡಿಯ ಇಳಿಜಾರು ಬಂಡೆಯನ್ನು ತಬ್ಬಿಕೊಂಡೇ ಹತ್ತಬೇಕು. ಬಂಡೆಗಳ ನೆತ್ತಿಯ ಮೇಲೆ ಒರಳಿನಷ್ಟು ದುಂಡಗಿನ ಗುಂಡಿಗಳಿವೆ. ಹಿಂದೆ ನದಿ ಅಷ್ಟು ಮೇಲೆ ಹರಿಯುತ್ತಿದ್ದಾಗ ಸುಳಿಯಲ್ಲಿ ಸಿಕ್ಕ ಕಲ್ಲುಗಳು ಕೊರೆದವು ಅವು, ಮಗನಿಗೆ ತೋರಿಸಿ. ನದಿ ಹರಿಯುವ ದಿಕ್ಕಿನಲ್ಲೇ ನಡೆಯಿರಿ, ವಾಪಸ್ ಬರಲು ಸಿ ಅಂಡ್ ಓ ಕಾಲುವೆ ಪಕ್ಕದಲ್ಲಿ ಟೋಪಾತ್ ಅನ್ನುವ ದಾರಿ ಇದೆ, ಸಮತಟ್ಟು. ನಾಯಿಗೆ ಪ್ರವೇಶವಿಲ್ಲ. ನದಿ ಏರಿದಾಗ ಟ್ರೇಲ್ ಮುಚ್ಚುತ್ತಾರೆ, ಹೊರಡುವ ಮುಂಚೆ ವೆಬ್‌ಸೈಟ್ ನೋಡಿಬಿಡಿ. ಮಳೆ ಬಂದು ಕಲ್ಲು ಒದ್ದೆ ಇದ್ದರೆ ತೆರೆದಿದ್ದರೂ ಹೋಗಬೇಡಿ.

ಒಂದೇ ದಿನ ಎಲ್ಲ ಆಗಲೇಬೇಕು ಅಂದರೆ ಮೇರಿಲ್ಯಾಂಡ್ ಕಡೆಗೆ ಹೋಗಬಹುದು. ಅಲ್ಲಿ ಓಲ್ಮ್‌ಸ್ಟೆಡ್ ದ್ವೀಪದ ಮೇಲೆ ಹಲಗೆ ದಾರಿ ಇದೆ, ಜಲಪಾತ ಕಾಣುತ್ತೆ, ಅಮ್ಮ ಆರಾಮಾಗಿ ನಡೆಯುತ್ತಾರೆ. ಆದರೆ ನೀವಿಬ್ಬರು ಬಿಲ್ಲಿ ಗೋಟ್ ಮುಗಿಸಿ ಬರುವವರೆಗೆ ಹಿರಿಯರು ಎರಡು ಮೂರು ಗಂಟೆ ಬೆಂಚಿನ ಮೇಲೆ ಕಾಯಬೇಕು. ಅಷ್ಟು ಹೊತ್ತು ಅವರಿಗೆ ನಿಮ್ಮ ಚಿಂತೆ, ನಿಮಗೆ ಅವರ ಚಿಂತೆ. ನಾನಾದರೆ ಹಾಗೆ ಮಾಡಲ್ಲ.

ಶನಿವಾರ ಬೆಳಿಗ್ಗೆ ಬೇಗ ಹೊರಡಿ. ಹವಾ ಚೆನ್ನಾಗಿದ್ದರೆ ಹತ್ತು ಗಂಟೆ ಮೇಲೆ ಗೇಟಿನ ಮುಂದೆ ಕಾರುಗಳ ಉದ್ದ ಸಾಲು, ಪಾರ್ಕಿಂಗ್ ತುಂಬಿದರೆ ಒಂದು ಕಾರು ಹೊರಗೆ ಬಂದ ಮೇಲೆ ಒಂದು ಒಳಗೆ. ಒಂದು ಕಾರಿಗೆ 20 ಡಾಲರ್, ಕಾರ್ಡ್ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಉಣ್ಣಿ ಕಾಟ ಇರುತ್ತೆ, ಉದ್ದ ಪ್ಯಾಂಟ್ ಒಳ್ಳೆಯದು. ಅಮ್ಮನಿಗೆ ಸೀರೆಯ ಕೆಳಗೆ ಸ್ನೀಕರ್ಸ್ ಹಾಕಿಸಿ, ಚಪ್ಪಲಿ ಬೇಡ. ಟೇಬಲ್‌ಗಳಿವೆ, ಪುಳಿಯೋಗರೆ ಕಟ್ಟಿಕೊಂಡು ಹೋಗಿ. ಕೊಟ್ಟ ರಸೀದಿ ಎಸೆಯಬೇಡಿ, ಅದು ಏಳು ದಿನ ನಡೆಯುತ್ತೆ, ಎರಡೂ ದಡಕ್ಕೆ. ಭಾನುವಾರ ಬೆಳಿಗ್ಗೆ ಅದನ್ನೇ ಹಿಡಿದು ಮಗನ ಜೊತೆ ಬಿಲ್ಲಿ ಗೋಟ್‌ಗೆ ಹೋಗಿ.