ಜೂನೋದಲ್ಲಿ ರಾಫ್ಟಿಂಗ್: ಆ ಒಂದು ಗಂಟೆಯ ಗೊಂದಲ

ಪ್ರವಾಸಿ ಹಡಗಿನಲ್ಲಿ ಅಲಾಸ್ಕಾದ ರಾಜಧಾನಿ ಜೂನೋಗೆ ಬಂದು ರಾಫ್ಟಿಂಗ್‌ಗೆ ಹೋಗುವಾಗ, ಹಡಗಿನ ವೇಳಾಪಟ್ಟಿಯ ಹಾಳೆಗೂ ರಾಫ್ಟಿಂಗ್ ಟಿಕೆಟ್‌ಗೂ ಒಂದು ಗಂಟೆ ವ್ಯತ್ಯಾಸ ಕಂಡರೆ, ಅದು ಬಹುಶಃ ಗಡಿಯಾರದ್ದೇ ಸಮಸ್ಯೆ. ಅಲಾಸ್ಕಾ ಸಮಯ, ಇಂಥ ಅನೇಕ ಹಡಗುಗಳು ಹೊರಡುವ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಕೆಲವು ಹಡಗುಗಳು ಅಲಾಸ್ಕಾ ಸಮಯಕ್ಕೆ ಗಡಿಯಾರ ಬದಲಿಸುತ್ತವೆ, ಕೆಲವು ಬದಲಿಸುವುದಿಲ್ಲ. ನಿಮ್ಮದು ಹೇಗೆ ಅಂತ ಹಿಂದಿನ ರಾತ್ರಿಯೇ ಹಡಗಿನ ಕೌಂಟರ್‌ನಲ್ಲಿ ಕೇಳಿ. ಆಮೇಲೆ ಟಿಕೆಟ್‌ನಲ್ಲಿರುವುದು ಊರಿನ ಸಮಯವೇ ಅಂತ ರಾಫ್ಟಿಂಗ್‌ನವರ ಹತ್ತಿರ ಖಚಿತ ಮಾಡಿಕೊಳ್ಳಿ.

ಮೆಂಡನ್‌ಹಾಲ್ ಹಿಮನದಿ ನೋಡಲು ಸುಮ್ನೆ ಬೇರೆ ಟಿಕೆಟ್ ತಗೋಬೇಡಿ. ರಾಫ್ಟ್ ಹೊರಡುವುದೇ ಅದರ ಮುಂದಿನ ಸರೋವರದಿಂದ ಅಲ್ವಾ, ನೀರಿನ ಮೇಲಿಂದಲೇ ಚೆನ್ನಾಗಿ ಕಾಣುತ್ತದೆ.

ಜೀನ್ಸ್ ಬೇಡವೇ ಬೇಡ. ಅದು ಹಿಮ ಕರಗಿದ ನೀರು. ಮೊದಲ ಅಲೆ ಮಡಿಲಿಗೆ ಬಿದ್ದಾಗ ನನ್ನ ಬೆರಳುಗಳು ಮರಗಟ್ಟಿದ್ದವು. ಉಣ್ಣೆಯ ಕಾಲುಚೀಲ ಎರಡು ಜೊತೆ ಇಟ್ಟುಕೊಳ್ಳಿ. ಹಡಗು ಹತ್ತುವ ಕೊನೆಯ ಸಮಯಕ್ಕೆ ಒಂದು ಗಂಟೆ ಮೊದಲೇ ವಾಪಸ್ ಬನ್ನಿ.