ಅಜ್ಜನ ಊರು ಯಾವುದು?

ಪ್ರಶ್ನೆ: ಮಗಳು ಫಿನ್‌ಲ್ಯಾಂಡಿನ ಔಲು ನಗರದಲ್ಲಿದ್ದಾಳೆ, ಮನೆ ವಿಮಾನ ನಿಲ್ದಾಣದ ಹತ್ತಿರ. ಬೇಸಿಗೆಯಲ್ಲಿ ಎರಡು ತಿಂಗಳು ಇದ್ದು ಬಂದೆ. ಪಕ್ಕದ ಮನೆಯ ಅಜ್ಜ ಮಾತೆತ್ತಿದರೆ 'ನಾನು ಔಲುವಿನವನಲ್ಲ, ಔಲುನ್ಸಾಲೊದವನು' ಎನ್ನುತ್ತಿದ್ದರು. ಮಗಳು, 'ಎರಡೂ ಒಂದೇ ಅಮ್ಮ' ಎನ್ನುತ್ತಾಳೆ. ಯಾರು ಸರಿ?
– ಓದುಗರು, ಕುಂದಾಪುರ

ಉತ್ತರ: ದಾಖಲೆ ನೋಡಿದರೆ ಮಗಳು ಸರಿ. ನನ್ನ ವೋಟು ಮಾತ್ರ ಅಜ್ಜನಿಗೆ.

ಮೊಬೈಲ್ ಕಂಪನಿಯ ಕೆಲಸಕ್ಕೆಂದು ಹೋಗಿ ನಾನೂ ಐದು ವರ್ಷ ಔಲುನ್ಸಾಲೊದಲ್ಲೇ ಬಾಡಿಗೆಗೆ ಇದ್ದೆ. 2012ರ ಡಿಸೆಂಬರ್ 31ರ ರಾತ್ರಿ ಔಲುನ್ಸಾಲೊದಲ್ಲಿ ಮಲಗಿದವನು ಬೆಳಿಗ್ಗೆ ಔಲುವಿನಲ್ಲಿ ಎದ್ದೆ! ಹಾಸಿಗೆ ಅದೇ, ಕಿಟಕಿಯಾಚೆಯ ಹಿಮವೂ ಅದೇ. ಔಲುನ್ಸಾಲೊ, ಹೌಕಿಪುದಾಸ್, ಕೀಮಿಂಕಿ, ಯುಲಿ-ಈ, ಈ ನಾಲ್ಕೂ ಅವತ್ತಿನಿಂದ ಔಲುವಿಗೆ ಸೇರಿದವು. ಪಕ್ಕದ ಕೆಂಪೆಲೆ ಸೇರಲಿಲ್ಲ. (ಹೌದು, ಹೆಸರು ಕೇಳಿದರೆ ನಮ್ಮ ಕೆಂಪು ಎಲೆಯೇ.)

ಅಲ್ಲಿನ ಸ್ಥಳೀಯ ಆಡಳಿತಕ್ಕೆ 'ಕುಂತಾ' ಎನ್ನುತ್ತಾರೆ. ನಮ್ಮ ಪಂಚಾಯಿತಿಗಿಂತ ಅದರ ಹೊಣೆ ಜಾಸ್ತಿ. ಶಾಲೆ, ಶಿಶುವಿಹಾರ, ಆಗ ಆರೋಗ್ಯ ಕೇಂದ್ರ ಕೂಡ ಅದರದ್ದೇ. ವಯಸ್ಸಾದವರು ಹೆಚ್ಚುತ್ತಿರುವ ದೇಶ, ಖರ್ಚು ಏರುತ್ತಲೇ ಇತ್ತು. ಒಂದಾಗುವವರಿಗೆ ಸರ್ಕಾರ ದುಡ್ಡನ್ನೂ ಕೊಟ್ಟಿತು. 2008ರಲ್ಲಿ 415 ಇದ್ದ ಕುಂತಾಗಳು 2013ಕ್ಕೆ 320ಕ್ಕೆ ಇಳಿದವು.

ಈಗ ವೋಟಿನ ವಿಷಯ. ಎರಡು ವರ್ಷ ವಾಸವಿದ್ದರೆ ಅಲ್ಲಿ ನಮ್ಮಂಥ ವಿದೇಶಿಯರೂ ಕುಂತಾ ಚುನಾವಣೆಯಲ್ಲಿ ವೋಟು ಹಾಕಬಹುದು. 2012ರ ಅಕ್ಟೋಬರಿನಲ್ಲಿ ಖುಷಿಯಿಂದ ಹೋದೆ. ಅಲ್ಲಿ ಚಿಹ್ನೆಗೆ ಮುದ್ರೆ ಒತ್ತುವುದಿಲ್ಲ, ಅಭ್ಯರ್ಥಿಯ ನಂಬರ್ ಬರೆಯಬೇಕು. ಬರೆದೆ. ಆದರೆ ಅದು ಹೊಸ ಔಲುವಿನ ಸಭೆಗೆ. ನಾನಿದ್ದ ಊರಿಗೆ ವೋಟು ಹಾಕುವ ಹಕ್ಕು ಬರುವಷ್ಟರಲ್ಲಿ ಊರೇ ಮುಗಿದಿತ್ತು. ನನಗೇ ಇಷ್ಟು ಚುಚ್ಚಿದ್ದರೆ, ಹುಟ್ಟಿ ಬೆಳೆದ ಅಜ್ಜನಿಗೆ ಹೇಗಾಗಿರಬೇಡ, ಅಲ್ವಾ?

ತಮಾಷೆ ಏನೆಂದರೆ ಔಲುನ್ಸಾಲೊ ಮೊದಲು ದ್ವೀಪವಾಗಿತ್ತು. ಕುಂದಾಪುರದವರಾದ ನಿಮಗೆ ಕಡಲ್ಕೊರೆತ ಗೊತ್ತು. ಅಲ್ಲಿ ಉಲ್ಟಾ. ಹಿಮಯುಗದಲ್ಲಿ ಮಂಜುಗಡ್ಡೆಯ ಭಾರಕ್ಕೆ ಕುಸಿದಿದ್ದ ನೆಲ ಈಗಲೂ ಮೇಲೇಳುತ್ತಿದೆ, ವರ್ಷಕ್ಕೆ ಅರ್ಧ ಸೆಂಟಿಮೀಟರಿಗಿಂತ ಜಾಸ್ತಿ. ಸಮುದ್ರ ಹಿಂದೆ ಸರಿದು, ದ್ವೀಪ ತಾನಾಗಿ ದಡಕ್ಕೆ ಅಂಟಿಕೊಂಡಿತು.

ಎದುರಿಗಿನ ಹೈಲುವೊಟೊ ಇನ್ನೂ ದ್ವೀಪ. ಅಲ್ಲಿರುವುದು ಸುಮಾರು ಸಾವಿರ ಜನ. ಹತ್ತು ಸಾವಿರದಷ್ಟು ಜನರಿದ್ದ ಔಲುನ್ಸಾಲೊ ಹೋಯಿತು, ಹೈಲುವೊಟೊ ಕುಂತಾ ಮಾತ್ರ ಗಟ್ಟಿಯಾಗಿ ಕೂತಿದೆ. ನಾನಿದ್ದಾಗ ಔಲುನ್ಸಾಲೊ ದಡದಿಂದ ಫೆರಿಯಲ್ಲಿ ಅರ್ಧ ಗಂಟೆ, ದುಡ್ಡಿಲ್ಲ. ಚಳಿಗಾಲದಲ್ಲಿ ಸಮುದ್ರ ಹೆಪ್ಪುಗಟ್ಟಿದರೆ ಕಾರನ್ನೇ ಅದರ ಮೇಲೆ ಓಡಿಸುತ್ತಿದ್ದೆವು. ಮುಂದಿನ ಸಲ ಅಜ್ಜನನ್ನೂ ಕರೆದುಕೊಂಡು ಅಲ್ಲಿಗೆ ಹೋಗಿ ಬನ್ನಿ. ಜುಲೈ ಆದರೂ ಸ್ವೆಟರ್ ಇರಲಿ.